ಶಟ್ ಡೌನ್ ಒತ್ತಿದರೂ ಕಂಪ್ಯೂಟರ್ ಆಫ್ ಆಗುತ್ತಿಲ್ಲವೇ? ಸ್ವಿಚ್ ಆರಿಸುವ ಮುನ್ನ ಇದನ್ನು ಓದಿ

ಸಂಜೆ ಕೆಲಸ ಮುಗಿಸಿ ‘ಶಟ್ ಡೌನ್’ ಒತ್ತುತ್ತೀರಿ. ಪರದೆಯ ಮೇಲೆ ಚುಕ್ಕೆಗಳು ಸುತ್ತತೊಡಗುತ್ತವೆ. ಐದು ನಿಮಿಷ, ಹತ್ತು ನಿಮಿಷ ಕಳೆದರೂ ಸುತ್ತುತ್ತಲೇ ಇರುತ್ತವೆ. ಬಸ್ಸಿಗೆ ಹೊತ್ತಾಗುತ್ತದೆ. ಕೊನೆಗೆ ಗೋಡೆಯ ಸ್ವಿಚ್ ಆರಿಸಿ ಹೊರಟುಬಿಡುತ್ತೀರಿ. ಮರುದಿನ ಕಂಪ್ಯೂಟರ್ ಎಂದಿನಂತೆ ಶುರುವಾಗುತ್ತದೆ. ‘ಏನೂ ಆಗಲಿಲ್ಲವಲ್ಲ’ ಎಂದುಕೊಂಡು ಅದನ್ನೇ ರೂಢಿ ಮಾಡಿಕೊಳ್ಳುತ್ತೀರಿ.

ನಮ್ಮ ತಂಡದ ಸಹೋದ್ಯೋಗಿಯೊಬ್ಬರ ತಂದೆಯೂ ಹೀಗೆಯೇ ಮಾಡುತ್ತಿದ್ದರು. ಅವರು ತಮ್ಮೂರಿನ ಹಾಲಿನ ಸಂಘದ ಲೆಕ್ಕ ಬರೆಯುವವರು. ಪ್ರತಿ ರಾತ್ರಿ ಕಂಪ್ಯೂಟರ್ ಆಫ್ ಆಗಲು ಸತಾಯಿಸುತ್ತಿತ್ತು, ಅವರು ಪ್ರತಿ ರಾತ್ರಿ ಗೋಡೆಯ ಸ್ವಿಚ್ ಆರಿಸುತ್ತಿದ್ದರು. ಒಂದು ಬೆಳಿಗ್ಗೆ ಲೆಕ್ಕದ ಫೈಲು ತೆರೆಯಲೇ ಇಲ್ಲ. ಬಟವಾಡೆಗೆ ಎರಡೇ ದಿನ ಉಳಿದಿತ್ತು. “ನಿನ್ನೆ ರಾತ್ರಿವರೆಗೂ ಚೆನ್ನಾಗೇ ಇತ್ತಲ್ಲಮ್ಮ” ಎಂದು ಅವರು ಮಗಳಿಗೆ ಫೋನ್ ಮಾಡಿದ್ದರು. ಹಾಲು ಅಳೆಯುವಾಗ ಬರೆದಿಟ್ಟ ಕಾಗದದ ಪುಸ್ತಕ ಇದ್ದದ್ದರಿಂದ ಮನೆಮಂದಿಯೆಲ್ಲ ಕುಳಿತು ಮತ್ತೆ ಲೆಕ್ಕ ತುಂಬಿಸಿದರು. ಆ ಪುಸ್ತಕ ಇಲ್ಲದಿದ್ದರೆ ಯಾರಿಗೆ ಎಷ್ಟು ಹಣ ಕೊಡಬೇಕೆಂದು ಹೇಳುವುದೇ ಕಷ್ಟವಾಗುತ್ತಿತ್ತು.

ಆ ಕಂಪ್ಯೂಟರ್ ಕೆಟ್ಟಿರಲಿಲ್ಲ. ಅದು ಒಂದು ಕೆಲಸ ಮುಗಿಯಲೆಂದು ಕಾಯುತ್ತಿತ್ತು. ಯಾವ ಕೆಲಸ ಎಂಬುದನ್ನು ಕೊನೆಯಲ್ಲಿ ಹೇಳುತ್ತೇವೆ. ಈ ತೊಂದರೆಯನ್ನು ಬಿಡಿಸಲು ಕೇಳಬೇಕಾದ ಪ್ರಶ್ನೆ ಒಂದೇ: ಕಂಪ್ಯೂಟರ್ ಯಾವುದಕ್ಕಾಗಿ ಕಾಯುತ್ತಿದೆ?

ಶಟ್ ಡೌನ್ ಒತ್ತಿದಾಗ ಒಳಗೆ ಏನಾಗುತ್ತದೆ?

ಫ್ಯಾನ್ ಅಥವಾ ಬಲ್ಬಿನ ಸ್ವಿಚ್ ಆರಿಸಿದರೆ ವಿದ್ಯುತ್ ಹರಿವು ಆ ಕ್ಷಣವೇ ನಿಲ್ಲುತ್ತದೆ. ಹಳೆಯ ಕಂಪ್ಯೂಟರ್‌ಗಳೂ ಹಾಗೆಯೇ ಇದ್ದವು. ವಿಂಡೋಸ್ 95ರ ಕಾಲದಲ್ಲಿ ಹಲವು ಕಂಪ್ಯೂಟರ್‌ಗಳು ತಮ್ಮ ಕೆಲಸವನ್ನೆಲ್ಲ ಮುಗಿಸಿ, ಇನ್ನು ಆರಿಸಿದರೆ ತೊಂದರೆಯಿಲ್ಲ ಎಂಬ ಸಂದೇಶವನ್ನು ಕಿತ್ತಳೆ ಬಣ್ಣದ ಅಕ್ಷರಗಳಲ್ಲಿ ತೋರಿಸುತ್ತಿದ್ದವು. ಆಮೇಲೆ ನಾವೇ ಕೈಯಿಂದ ಸ್ವಿಚ್ ಆರಿಸಬೇಕಿತ್ತು.

1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ವಿನ್ಯಾಸ ಮತ್ತು 1996ರ ಕೊನೆಯಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಪ್ರಕಟಿಸಿದ ಎಸಿಪಿಐ ಎಂಬ ನಿಯಮಾವಳಿ ಇದನ್ನು ಬದಲಿಸಿದವು. ಅಲ್ಲಿಂದಾಚೆಗೆ ವಿದ್ಯುತ್ ನಿಲ್ಲಿಸುವ ಅಧಿಕಾರ ಕಾರ್ಯಾಚರಣ ವ್ಯವಸ್ಥೆಗೆ, ಅಂದರೆ ವಿಂಡೋಸ್ ಅಥವಾ ಲಿನಕ್ಸ್‌ನಂಥ ತಂತ್ರಾಂಶಕ್ಕೆ ಸಿಕ್ಕಿತು. ಇಂದು ನೀವು ಪವರ್ ಬಟನ್ ಒಮ್ಮೆ ಒತ್ತಿ ಬಿಟ್ಟರೆ ವಿದ್ಯುತ್ ಕಡಿತವಾಗುವುದಿಲ್ಲ. ವ್ಯವಸ್ಥೆಗೆ ಒಂದು ಕೋರಿಕೆ ತಲುಪುತ್ತದೆ, ಅಷ್ಟೇ.

ಆ ಕೋರಿಕೆ ಬಂದ ಮೇಲೆ ವಿಂಡೋಸ್ ಹಂತ ಹಂತವಾಗಿ ಕೆಲಸ ಮಾಡುತ್ತದೆ.

1. ತೆರೆದಿರುವ ಪ್ರತಿಯೊಂದು ಆ್ಯಪ್‌ಗೂ ‘ಮುಚ್ಚುತ್ತಿದ್ದೇವೆ, ನಿನ್ನ ಕೆಲಸ ಮುಗಿಯಿತೇ?’ ಎಂದು ಕೇಳುತ್ತದೆ.
2. ಹಿನ್ನೆಲೆಯಲ್ಲಿ ನಡೆಯುವ ಸೇವೆಗಳನ್ನು ನಿಲ್ಲಿಸುತ್ತದೆ. ಪ್ರಿಂಟರ್, ಆ್ಯಂಟಿವೈರಸ್, ಬ್ಯಾಕಪ್ ಮುಂತಾದವು ಇಲ್ಲಿ ಬರುತ್ತವೆ.
3. ಅಪ್‌ಡೇಟ್ ಬಾಕಿ ಇದ್ದರೆ ಅಳವಡಿಸುತ್ತದೆ.
4. ಮೆಮೊರಿಯಲ್ಲಿ ಉಳಿದಿರುವ ಮಾಹಿತಿಯನ್ನು ಡಿಸ್ಕಿಗೆ ಬರೆಯುತ್ತದೆ.
5. ಸಾಧನಗಳ ಡ್ರೈವರ್‌ಗಳಿಗೆ ವಿರಮಿಸಲು ಹೇಳಿ, ಕೊನೆಗೆ ವಿದ್ಯುತ್ ನಿಲ್ಲಿಸುವಂತೆ ಮದರ್‌ಬೋರ್ಡ್‌ಗೆ ಸೂಚಿಸುತ್ತದೆ.

ಇವುಗಳಲ್ಲಿ ಯಾವ ಹಂತ ಸಿಕ್ಕಿಕೊಂಡರೂ ನಮಗೆ ಕಾಣುವುದು ಒಂದೇ, ಕಂಪ್ಯೂಟರ್ ಆಫ್ ಆಗುತ್ತಿಲ್ಲ. ಆದರೆ ಪರದೆಯನ್ನು ಸರಿಯಾಗಿ ನೋಡಿದರೆ ಎಲ್ಲಿ ಸಿಕ್ಕಿಕೊಂಡಿದೆ ಎಂಬ ಸುಳಿವು ಸಿಗುತ್ತದೆ.

ಪರದೆ ಏನು ಹೇಳುತ್ತಿದೆ?

‘ದಿಸ್ ಆ್ಯಪ್ ಈಸ್ ಪ್ರಿವೆಂಟಿಂಗ್ ಶಟ್ ಡೌನ್’: ಈ ಆ್ಯಪ್ ಕಂಪ್ಯೂಟರನ್ನು ಮುಚ್ಚಲು ಬಿಡುತ್ತಿಲ್ಲ ಎಂದು ಇದರ ಅರ್ಥ. ವಿಂಡೋಸ್ ಕೇಳಿ ಸುಮಾರು 5 ಸೆಕೆಂಡ್ ಕಳೆದರೂ ಆ್ಯಪ್ ಮುಚ್ಚದಿದ್ದರೆ ಈ ಪರದೆ ಬರುತ್ತದೆ, ಆ ಆ್ಯಪ್‌ನ ಹೆಸರೂ ಅಲ್ಲೇ ಇರುತ್ತದೆ. ಹೆಚ್ಚಿನ ಸಲ ಉಳಿಸದ ಫೈಲೊಂದು ‘ಸೇವ್ ಮಾಡಲೇ?’ ಎಂದು ಕೇಳುತ್ತ ಹಿಂದೆ ಕಾದು ಕುಳಿತಿರುತ್ತದೆ. ‘ಶಟ್ ಡೌನ್ ಎನಿವೇ’ ಒತ್ತಿದರೆ ಆ ಕೆಲಸ ಹೋಗಬಹುದು. ‘ಕ್ಯಾನ್ಸಲ್’ ಒತ್ತಿ ಹಿಂದಕ್ಕೆ ಹೋಗಿ, ಫೈಲನ್ನು ಉಳಿಸಿ, ಆ್ಯಪ್ ಮುಚ್ಚಿ, ಮತ್ತೆ ಶಟ್ ಡೌನ್ ಮಾಡಿ.

‘ಶಟ್ಟಿಂಗ್ ಡೌನ್’ ಎಂದು ತೋರಿಸುತ್ತ ಚುಕ್ಕೆಗಳು ಸುತ್ತುತ್ತಲೇ ಇದ್ದರೆ: ಆ್ಯಪ್‌ಗಳ ಹಂತ ದಾಟಿದೆ. ಹಿನ್ನೆಲೆಯ ಯಾವುದೋ ಸೇವೆ ಅಥವಾ ಡ್ರೈವರ್ ನಿಲ್ಲುತ್ತಿಲ್ಲ. ಡಿಸ್ಕ್ ಸೂಚಿಸುವ ಸಣ್ಣ ದೀಪ ನಿಮ್ಮ ಕಂಪ್ಯೂಟರಿನಲ್ಲಿ ಇದ್ದರೆ ಗಮನಿಸಿ. ಅದು ಮಿಣುಗುಡುತ್ತಿದ್ದರೆ ಬರವಣಿಗೆ ನಡೆದಿದೆ ಎಂದರ್ಥ, ಕಾಯಿರಿ.

‘ಅಪ್‌ಡೇಟ್ಸ್ ಆರ್ ಅಂಡರ್‌ವೇ’ ಅಥವಾ ‘ಡೋಂಟ್ ಟರ್ನ್ ಆಫ್ ಯುವರ್ ಕಂಪ್ಯೂಟರ್’: ಅಪ್‌ಡೇಟ್ ನಡೆಯುತ್ತಿದೆ, ಆರಿಸಬೇಡಿ ಎನ್ನುವ ಎಚ್ಚರಿಕೆ ಇದು. ಎಸ್‌ಎಸ್‌ಡಿ ಇಲ್ಲದ, ಹಳೆಯ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರಿನಲ್ಲಿ ಇದಕ್ಕೆ ಬಹಳ ಹೊತ್ತು ಹಿಡಿಯಬಹುದು. ನಡುವೆ ಒಮ್ಮೆ ತಾನಾಗಿಯೇ ರೀಸ್ಟಾರ್ಟ್ ಆದರೂ ಗಾಬರಿ ಬೇಡ. ವ್ಯವಸ್ಥೆಯ ಫೈಲುಗಳೇ ಬದಲಾಗುವ ಹೊತ್ತು ಇದಾದ್ದರಿಂದ ವಿದ್ಯುತ್ ಕಡಿದರೆ ವಿಂಡೋಸ್ ಮತ್ತೆ ಶುರುವಾಗದೇ ಹೋಗುವ ಅಪಾಯವಿದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಇಡಿ.

ಪರದೆ ಕಪ್ಪಾಗಿದೆ, ಆದರೆ ಫ್ಯಾನ್ ತಿರುಗುತ್ತಿದೆ, ದೀಪ ಉರಿಯುತ್ತಿದೆ: ವಿಂಡೋಸ್ ತನ್ನ ಬಹುಪಾಲು ಕೆಲಸ ಮುಗಿಸಿದೆ, ವಿದ್ಯುತ್ ನಿಲ್ಲಿಸುವ ಕೊನೆಯ ಹಂತ ನಡೆದಿಲ್ಲ. ಇಲ್ಲಿ ಅನುಮಾನ ಹೋಗಬೇಕಾದದ್ದು ಚಿಪ್‌ಸೆಟ್ ಡ್ರೈವರ್, ಬಯಾಸ್, ಯುಎಸ್‌ಬಿ ಸಾಧನಗಳು ಮತ್ತು ಮುಂದೆ ಹೇಳುವ ‘ಫಾಸ್ಟ್ ಸ್ಟಾರ್ಟಪ್’ ಕಡೆಗೆ.

ಆಫ್ ಆದಂತೆ ಆಗಿ ಮತ್ತೆ ಆನ್ ಆಗುತ್ತದೆ: ಇದಕ್ಕೆ ಎರಡು ಕಾರಣಗಳು ಸಾಮಾನ್ಯ. ಮುಚ್ಚುವಾಗ ವಿಂಡೋಸ್ ಕುಸಿದು ತಾನಾಗಿಯೇ ರೀಸ್ಟಾರ್ಟ್ ಆಗುತ್ತಿರಬಹುದು. ಇಲ್ಲವೇ ನೆಟ್‌ವರ್ಕ್ ಕಾರ್ಡು, ಕೀಬೋರ್ಡಿನಂಥ ಸಾಧನವೊಂದು ಕಂಪ್ಯೂಟರನ್ನು ಎಬ್ಬಿಸುತ್ತಿರಬಹುದು. ಮೊದಲನೆಯದನ್ನು ಪತ್ತೆ ಮಾಡಲು ಸಿಸ್ಟಮ್ ಪ್ರಾಪರ್ಟೀಸ್‌ನ ‘ಅಡ್ವಾನ್ಸ್ಡ್’ ವಿಭಾಗದಲ್ಲಿ ‘ಸ್ಟಾರ್ಟಪ್ ಅಂಡ್ ರಿಕವರಿ’ ತೆರೆದು ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎದುರಿನ ಗುರುತು ತೆಗೆಯಿರಿ. ಮುಂದಿನ ಸಲ ದೋಷದ ಪರದೆ ಅಲ್ಲೇ ನಿಲ್ಲುತ್ತದೆ. ಅದರ ಫೋಟೊ ತೆಗೆದುಕೊಂಡರೆ ರಿಪೇರಿಯವರಿಗೆ ತೋರಿಸಬಹುದು. ಎರಡನೆಯದಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ‘ಪವರ್ ಮ್ಯಾನೇಜ್‌ಮೆಂಟ್’ ವಿಭಾಗ ತೆರೆದು, ಕಂಪ್ಯೂಟರನ್ನು ಎಬ್ಬಿಸುವ ಅನುಮತಿಯನ್ನು ತೆಗೆಯಬಹುದು.

ಶಟ್ ಡೌನ್ ಮತ್ತು ರೀಸ್ಟಾರ್ಟ್ ಎರಡೂ ಒಂದೇ ಅಲ್ಲ

‘ರೀಸ್ಟಾರ್ಟ್ ಎಂದರೆ ಶಟ್ ಡೌನ್ ಮಾಡಿ ಮತ್ತೆ ಆನ್ ಮಾಡುವುದು’ ಎಂದು ಬಹಳ ಜನ ನಂಬಿದ್ದಾರೆ. ವಿಂಡೋಸ್ 8ರಿಂದ ಈಚೆಗೆ ಇದು ಪೂರ್ತಿ ನಿಜವಲ್ಲ. 2012ರಲ್ಲಿ ಬಂದ ಆ ಆವೃತ್ತಿಯೊಂದಿಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯ ಸೇರಿತು. ಅದು ಚಾಲೂ ಇದ್ದಾಗ ಶಟ್ ಡೌನ್ ಒತ್ತಿದರೆ ನಿಮ್ಮ ಆ್ಯಪ್‌ಗಳೆಲ್ಲ ಮುಚ್ಚಿಕೊಳ್ಳುತ್ತವೆ. ಆದರೆ ವಿಂಡೋಸ್‌ನ ಒಳತಿರುಳು ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕಿನಲ್ಲಿ ಹಾಗೆಯೇ ಉಳಿದಿರುತ್ತದೆ. ಮರುದಿನ ಅದನ್ನೇ ಎತ್ತಿಕೊಂಡು ಬೇಗ ಶುರುವಾಗುತ್ತದೆ. ರೀಸ್ಟಾರ್ಟ್ ಒತ್ತಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಟಾಸ್ಕ್ ಮ್ಯಾನೇಜರ್ ತೆರೆದು ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ಸಿಪಿಯು ಮೇಲೆ ಒತ್ತಿದರೆ ‘ಅಪ್ ಟೈಮ್’ ಎಂಬ ಲೆಕ್ಕ ಕಾಣುತ್ತದೆ. ಪ್ರತಿದಿನ ಶಟ್ ಡೌನ್ ಮಾಡುತ್ತಿದ್ದರೂ ಅದು ಹಲವು ದಿನಗಳನ್ನು ತೋರಿಸುತ್ತಿದ್ದರೆ ಫಾಸ್ಟ್ ಸ್ಟಾರ್ಟಪ್ ಕೆಲಸ ಮಾಡುತ್ತಿದೆ ಎಂದರ್ಥ.

ಬಹುತೇಕ ಕಂಪ್ಯೂಟರ್‌ಗಳಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಒಂದು ಡ್ರೈವರ್ ತಪ್ಪು ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ ಆ ತಪ್ಪೂ ದಿನದಿಂದ ದಿನಕ್ಕೆ ಜೊತೆಯಲ್ಲೇ ಬರುತ್ತದೆ. ಆದ್ದರಿಂದ ಆಫ್ ಆಗುವ ತೊಂದರೆ ಇದ್ದವರು ಮೊದಲು ಒಂದು ಸಲ ರೀಸ್ಟಾರ್ಟ್ ಮಾಡಿ, ಆಮೇಲೆ ಶಟ್ ಡೌನ್ ಮಾಡಿ ನೋಡಬೇಕು. ಶಿಫ್ಟ್ ಕೀಲಿ ಒತ್ತಿ ಹಿಡಿದು ಶಟ್ ಡೌನ್ ಒತ್ತಿದರೆ ಆ ಒಂದು ಸಲಕ್ಕೆ ಪೂರ್ಣ ಶಟ್ ಡೌನ್ ಆಗುತ್ತದೆ. ಆಗ ಸರಿಯಾಗಿ ಆಫ್ ಆದರೆ ಕಂಟ್ರೋಲ್ ಪ್ಯಾನೆಲ್‌ನ ‘ಪವರ್ ಆಪ್ಷನ್ಸ್’ಗೆ ಹೋಗಿ ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ ತೆರೆಯಿರಿ. ಅಲ್ಲಿ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಒತ್ತಿ, ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಎದುರಿನ ಗುರುತು ತೆಗೆಯಿರಿ. ಕಂಪ್ಯೂಟರ್ ಶುರುವಾಗಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ, ಬೇರೆ ನಷ್ಟವಿಲ್ಲ.

ಕಾರಣ ಹುಡುಕುವ ಕ್ರಮ

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಒಂದೊಂದನ್ನೇ ಬದಲಿಸಿ, ಪ್ರತಿ ಸಲವೂ ಶಟ್ ಡೌನ್ ಮಾಡಿ ನೋಡಿ. ಸುಲಭವಾದದ್ದು ಮೊದಲು.

ಮೊದಲು, ಎಲ್ಲ ಆ್ಯಪ್‌ಗಳನ್ನೂ ನೀವೇ ಮುಚ್ಚಿ, ಒಂದು ನಿಮಿಷ ಬಿಟ್ಟು ಶಟ್ ಡೌನ್ ಮಾಡಿ. ಈಗ ಸರಾಗವಾಗಿ ಆಫ್ ಆದರೆ ತಪ್ಪು ಆ ಆ್ಯಪ್‌ಗಳಲ್ಲೊಂದರದು.

ಎರಡನೆಯದು, ಪೆನ್ ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್, ಪ್ರಿಂಟರ್, ವೆಬ್‌ಕ್ಯಾಮ್, ಡಾಂಗಲ್ ಎಲ್ಲವನ್ನೂ ತೆಗೆದು ನೋಡಿ. ಡ್ರೈವ್‌ಗಳನ್ನು ‘ಇಜೆಕ್ಟ್’ ಮಾಡಿಯೇ ಕೀಳಬೇಕು. ಆಮೇಲೆ ಒಂದೊಂದಾಗಿ ಮತ್ತೆ ಸೇರಿಸಿ.

ಮೂರನೆಯದು, ಬಾಕಿ ಅಪ್‌ಡೇಟ್‌ಗಳನ್ನು ಮುಗಿಸಿ. ಅರ್ಧ ನಿಂತ ಅಪ್‌ಡೇಟ್ ಪ್ರತಿ ಸಲವೂ ಅಡ್ಡ ಬರಬಹುದು.

ನಾಲ್ಕನೆಯದು, ಟಾಸ್ಕ್ ಮ್ಯಾನೇಜರ್‌ನ ‘ಸ್ಟಾರ್ಟಪ್ ಆ್ಯಪ್ಸ್’ ವಿಭಾಗದಲ್ಲಿ ನಿಮಗೆ ಬೇಡದ್ದನ್ನು ನಿಲ್ಲಿಸಿ. ಸಾಲದಿದ್ದರೆ ‘ಸಿಸ್ಟಮ್ ಕಾನ್ಫಿಗರೇಷನ್’ ತೆರೆದು, ‘ಸರ್ವಿಸಸ್’ ವಿಭಾಗದಲ್ಲಿ ‘ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್’ಗೆ ಗುರುತು ಹಾಕಿ, ಉಳಿದವನ್ನು ತಾತ್ಕಾಲಿಕವಾಗಿ ನಿಲ್ಲಿಸಿ ರೀಸ್ಟಾರ್ಟ್ ಮಾಡಿ. ಈಗ ಸರಿಯಾಗಿ ಆಫ್ ಆದರೆ ನಿಲ್ಲಿಸಿದವುಗಳಲ್ಲಿ ಅರ್ಧವನ್ನು ಮತ್ತೆ ಚಾಲೂ ಮಾಡಿ ಪರೀಕ್ಷಿಸಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ 16 ಸೇವೆಗಳಿದ್ದರೂ ನಾಲ್ಕೈದು ಸುತ್ತಿನಲ್ಲಿ ತಪ್ಪಿತಸ್ಥ ಸಿಗುತ್ತದೆ. ಪರೀಕ್ಷೆ ಮುಗಿದ ಮೇಲೆ ಉಳಿದವನ್ನು ಮರಳಿ ಚಾಲೂ ಮಾಡಲು ಮರೆಯಬೇಡಿ. ಕಚೇರಿಯ ಕಂಪ್ಯೂಟರ್ ಆದರೆ ಅದನ್ನು ನೋಡಿಕೊಳ್ಳುವವರನ್ನು ಕೇಳಿಯೇ ಮುಂದುವರಿಯಿರಿ.

ಐದನೆಯದು, ಚಿಪ್‌ಸೆಟ್ ಮತ್ತು ಗ್ರಾಫಿಕ್ಸ್ ಡ್ರೈವರ್‌ಗಳನ್ನು ಕಂಪ್ಯೂಟರ್ ತಯಾರಿಸಿದ ಕಂಪನಿಯ ಜಾಲತಾಣದಿಂದಲೇ ಪಡೆದು ನವೀಕರಿಸಿ. ಬಯಾಸ್ ನವೀಕರಣವನ್ನು ಕೊನೆಗೆ ಇಟ್ಟುಕೊಳ್ಳಿ. ಅದರ ನಡುವೆ ಕರೆಂಟು ಹೋದರೆ ಮದರ್‌ಬೋರ್ಡೇ ಕೈಕೊಡಬಹುದು. ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್‌ನಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ.

ವಿಂಡೋಸ್ ತಾನೇ ಬರೆದಿಟ್ಟ ದಿನಚರಿಯೂ ಇದೆ. ಸ್ಟಾರ್ಟ್ ಮೆನುವಿನಲ್ಲಿ ‘ವ್ಯೂ ರಿಲಯಬಿಲಿಟಿ ಹಿಸ್ಟರಿ’ ಎಂದು ಇಂಗ್ಲಿಷಿನಲ್ಲಿ ಹುಡುಕಿ. ಯಾವ ದಿನ ಯಾವ ಆ್ಯಪ್ ಕುಸಿಯಿತು, ಯಾವ ದಿನ ವಿಂಡೋಸ್ ಸರಿಯಾಗಿ ಮುಚ್ಚಲಿಲ್ಲ ಎಂಬುದು ಕೆಂಪು ಗುರುತಿನೊಂದಿಗೆ ಕಾಣುತ್ತದೆ. ಇನ್ನೂ ಆಳಕ್ಕೆ ಹೋಗಬೇಕಾದವರು ‘ಈವೆಂಟ್ ವ್ಯೂವರ್’ನಲ್ಲಿ 41 ಮತ್ತು 6008 ಸಂಖ್ಯೆಯ ದಾಖಲೆಗಳನ್ನು ನೋಡಬಹುದು. ಕಂಪ್ಯೂಟರ್ ಕ್ರಮಪ್ರಕಾರ ಮುಚ್ಚಿಕೊಳ್ಳಲಿಲ್ಲ ಎಂದು ಎರಡೂ ಹೇಳುತ್ತವೆ. ಅವು ಕಾರಣವನ್ನು ಹೇಳುವುದಿಲ್ಲ, ಹೊತ್ತನ್ನು ಹೇಳುತ್ತವೆ. ಅದಕ್ಕೆ ತುಸು ಮುಂಚಿನ ದಾಖಲೆಗಳಲ್ಲಿ ಕಾರಣ ಸಿಗುವ ಸಾಧ್ಯತೆ ಹೆಚ್ಚು.

ಬೇರೆ ದಾರಿಯೇ ಇಲ್ಲದಾಗ

ಅಪ್‌ಡೇಟ್ ಸಂದೇಶವಿಲ್ಲ, ಡಿಸ್ಕ್ ದೀಪ ಸುಮ್ಮನಿದೆ, ಅರ್ಧ ಗಂಟೆಯಾದರೂ ಏನೂ ಬದಲಾಗಿಲ್ಲ ಎಂದರೆ ಬಲವಂತವಾಗಿ ಆರಿಸಬೇಕಾಗುತ್ತದೆ. ಆಗಲೂ ಗೋಡೆಯ ಸ್ವಿಚ್ ಬೇಡ. ಪವರ್ ಬಟನ್ ಒತ್ತಿ ಹಿಡಿಯಿರಿ. ಎಸಿಪಿಐ ನಿಯಮದಂತೆ 4 ಸೆಕೆಂಡಿಗೂ ಹೆಚ್ಚು ಹೊತ್ತು ಹಿಡಿದರೆ ವಿದ್ಯುತ್ ನಿಲ್ಲುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಿಗೆ 10 ಸೆಕೆಂಡಿಗಿಂತ ಹೆಚ್ಚು ಬೇಕಾಗುತ್ತದೆ.

ಮತ್ತೆ ಆನ್ ಮಾಡಿದ ಮೇಲೆ ನೀವು ಕೊನೆಗೆ ಕೆಲಸ ಮಾಡಿದ ಫೈಲು ತೆರೆಯುತ್ತದೆಯೇ ನೋಡಿ. ಡ್ರೈವ್‌ನ ಮೇಲೆ ಬಲಗಡೆಯ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ‘ಟೂಲ್ಸ್’, ‘ಚೆಕ್’ ಎಂದು ಹೋಗಿ ಡಿಸ್ಕನ್ನು ಒಮ್ಮೆ ಪರೀಕ್ಷಿಸಿ.

ಕೆಲವು ತಪ್ಪು ಕಲ್ಪನೆಗಳು

‘ಆಫ್ ಮಾಡಿದ ಮೇಲೂ ಮೌಸ್‌ನ ದೀಪ ಉರಿಯುತ್ತಿದ್ದರೆ ಕಂಪ್ಯೂಟರ್ ಆಫ್ ಆಗಿಲ್ಲ.’ ಹಾಗೇನಿಲ್ಲ. ಎಟಿಎಕ್ಸ್ ಕಂಪ್ಯೂಟರ್ ಆಫ್ ಆಗಿದ್ದರೂ ಮದರ್‌ಬೋರ್ಡ್‌ಗೆ 5 ವೋಲ್ಟಿನ ಸಣ್ಣ ವಿದ್ಯುತ್ ಬರುತ್ತಲೇ ಇರುತ್ತದೆ. ಬಟನ್ ಒತ್ತಿದ್ದು ತಿಳಿಯಬೇಕಾದರೆ ಅದು ಬೇಕು. ಮೌಸ್‌ಗೆ, ನೆಟ್‌ವರ್ಕ್ ಪೋರ್ಟ್‌ಗೆ ದೀಪ ಕೊಡುವುದೂ ಅದೇ. ಫ್ಯಾನ್ ನಿಂತಿದ್ದರೆ ಚಿಂತೆ ಬೇಡ.

‘ಹಠಾತ್ತಾಗಿ ಆರಿಸಿದರೂ ಈಗಿನ ಕಂಪ್ಯೂಟರ್‌ಗಳಿಗೆ ಏನೂ ಆಗುವುದಿಲ್ಲ.’ ಇದು ಅರ್ಧ ಸತ್ಯ. ವಿಂಡೋಸ್ ಡ್ರೈವ್‌ನಲ್ಲಿ ಬಳಸುವ ಎನ್‌ಟಿಎಫ್‌ಎಸ್ ವ್ಯವಸ್ಥೆ ತಾನು ಮಾಡುವ ಬದಲಾವಣೆಗಳ ಟಿಪ್ಪಣಿ ಇಟ್ಟುಕೊಂಡಿರುತ್ತದೆ. ಹಾಗಾಗಿ ಕರೆಂಟು ಹೋದರೂ ಫೋಲ್ಡರ್‌ಗಳ ವ್ಯವಸ್ಥೆಯನ್ನು ಅದು ಸರಿಪಡಿಸಿಕೊಳ್ಳಬಲ್ಲದು. ಆದರೆ ಅರ್ಧ ಬರೆದ ನಿಮ್ಮ ಫೈಲಿನ ಒಳಗಿನ ಮಾಹಿತಿಗೆ ಆ ಭರವಸೆ ಇಲ್ಲ. ಪೆನ್ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್32, ಎಕ್ಸ್‌ಫ್ಯಾಟ್ ವ್ಯವಸ್ಥೆಗಳಲ್ಲಂತೂ ಆ ಟಿಪ್ಪಣಿಯೂ ಇರುವುದಿಲ್ಲ.

‘ಒಮ್ಮೆ ಬಲವಂತವಾಗಿ ಆರಿಸಿದರೆ ಕಂಪ್ಯೂಟರ್ ಹಾಳಾಗುತ್ತದೆ.’ ಇದು ಇನ್ನೊಂದು ತುದಿ. ಎಂದೋ ಒಮ್ಮೆ ಮಾಡಿದರೆ ಯಂತ್ರಕ್ಕೆ ತೊಂದರೆಯಾಗುವುದು ಅಪರೂಪ. ಅಪಾಯ ಇರುವುದು ಮಾಹಿತಿಗೆ, ಮತ್ತು ಅದನ್ನು ದಿನವೂ ಮಾಡಿದಾಗ.

‘ಇನ್ನೊಬ್ಬರ ವಿಡಿಯೊದಲ್ಲಿ ಹೇಳಿದಂತೆ ರಿಜಿಸ್ಟ್ರಿ ಬದಲಿಸಿದರೆ ಬೇಗ ಆಫ್ ಆಗುತ್ತದೆ.’ ಬೇಗ ಆಗಬಹುದು. ಆದರೆ ಅಂಥ ಹೆಚ್ಚಿನ ಉಪಾಯಗಳು ಮಾಡುವುದು ಆ್ಯಪ್ ಮತ್ತು ಸೇವೆಗಳಿಗೆ ಕೊಡುವ ಕಾಲಾವಕಾಶವನ್ನು ಮೊಟಕುಗೊಳಿಸುವುದನ್ನು ಮಾತ್ರ. ಕಾಯುವಿಕೆ ಏಕೆ ಎಂದು ತಿಳಿಯದೆ ಅದನ್ನು ಕಡಿದರೆ ಗೋಡೆಯ ಸ್ವಿಚ್ ಆರಿಸಿದಂತೆಯೇ.

ಲಿನಕ್ಸ್ ಬಳಸುವವರಿಗೆ

ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಗಳು ಈ ವಿಷಯದಲ್ಲಿ ಹೆಚ್ಚು ಮಾತಾಡುತ್ತವೆ. ಮುಚ್ಚುವಾಗ ‘ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್ ಫಾರ್’ ಎಂಬ ಸಾಲು ಬಂದರೆ, ಅದರ ಮುಂದೆ ಯಾವ ಸೇವೆ ನಿಲ್ಲಲು ತಡ ಮಾಡುತ್ತಿದೆ ಎಂಬ ಹೆಸರಿರುತ್ತದೆ. ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡ್ ಕಾದು, ಆಮೇಲೆ ತಾನೇ ಅದನ್ನು ಬಲವಂತವಾಗಿ ನಿಲ್ಲಿಸುತ್ತದೆ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ತೆಗೆದಿಡುವುದೇ ಒಳ್ಳೆಯದು. ಇಲ್ಲದಿದ್ದರೆ ವಿಂಡೋಸ್ ಡ್ರೈವ್ ಅರ್ಧ ಬಳಕೆಯಲ್ಲಿರುವ ಸ್ಥಿತಿಯಲ್ಲೇ ಉಳಿದು, ಲಿನಕ್ಸ್‌ನಿಂದ ಅದಕ್ಕೆ ಬರೆಯಲು ಆಗದೇ ಹೋಗಬಹುದು.

ಹಾಲಿನ ಸಂಘದ ಕಂಪ್ಯೂಟರ್ ಯಾವುದಕ್ಕಾಗಿ ಕಾಯುತ್ತಿತ್ತು?

ಆ ವಾರ ನಮ್ಮ ಸಹೋದ್ಯೋಗಿ ಊರಿಗೆ ಹೋಗಿ, ರಾತ್ರಿ ಅಪ್ಪನ ಪಕ್ಕದಲ್ಲಿ ಕುಳಿತು ಶಟ್ ಡೌನ್ ಒತ್ತಿಸಿದರು. ನೀಲಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಅಪ್ಪ ಅದನ್ನು ದಿನವೂ ನೋಡಿದ್ದರು, ಅದೇನೋ ಕಂಪ್ಯೂಟರಿನ ಗೊಡವೆ ಎಂದು ಬಿಟ್ಟಿದ್ದರು. ಮಗಳು ಓದಿದಾಗ ಅಲ್ಲಿ ಇದ್ದದ್ದು ಲೆಕ್ಕದ ತಂತ್ರಾಂಶದ ಹೆಸರು. ಮುಚ್ಚುವಾಗ ಅದು ಆ ದಿನದ ಹಾಲಿನ ಲೆಕ್ಕವನ್ನೆಲ್ಲ ಫೈಲಿಗೆ ಬರೆಯುತ್ತಿತ್ತು. ಮನೆಗೂ ಒಯ್ಯಲು ಅನುಕೂಲವೆಂದು ಆ ಫೈಲನ್ನು ಹಳೆಯ, ನಿಧಾನದ ಪೆನ್ ಡ್ರೈವ್‌ನಲ್ಲಿ ಇಟ್ಟಿದ್ದರು. ಹಾಗಾಗಿ ಬರೆಯಲು ಹೊತ್ತು ಹಿಡಿಯುತ್ತಿತ್ತು. ಅಷ್ಟು ದಿನ ಸ್ವಿಚ್ ಆರಿಸುವಷ್ಟರಲ್ಲಿ ಬರವಣಿಗೆ ಹೇಗೋ ಮುಗಿದಿರುತ್ತಿತ್ತು. ಒಂದು ರಾತ್ರಿ ಮುಗಿದಿರಲಿಲ್ಲ.

ಈಗ ಲೆಕ್ಕದ ಫೈಲು ಕಂಪ್ಯೂಟರಿನೊಳಗೇ ಇದೆ, ಪೆನ್ ಡ್ರೈವ್‌ನಲ್ಲಿ ಅದರ ನಕಲು ಮಾತ್ರ. ಅವರು ಮೊದಲು ಲೆಕ್ಕದ ತಂತ್ರಾಂಶವನ್ನು ಮುಚ್ಚಿ, ಅದು ಪರದೆಯಿಂದ ಮರೆಯಾದ ಮೇಲಷ್ಟೇ ಶಟ್ ಡೌನ್ ಒತ್ತುತ್ತಾರೆ. ಒಂದೆರಡು ನಿಮಿಷದೊಳಗೆ ಕಂಪ್ಯೂಟರ್ ಆಫ್ ಆಗುತ್ತದೆ. ಹೊಸದೇನನ್ನೂ ಕೊಳ್ಳಬೇಕಾಗಲಿಲ್ಲ, ರಿಪೇರಿಗೂ ಒಯ್ಯಲಿಲ್ಲ.

ನಿಮ್ಮ ಕಂಪ್ಯೂಟರ್ ಇಂದು ಸಂಜೆ ಸತಾಯಿಸಿದರೆ ಸ್ವಿಚ್ಚಿನ ಕಡೆ ಕೈ ಚಾಚುವ ಮೊದಲು ಪರದೆಯ ಮೇಲಿನ ಸಾಲನ್ನು ಓದಿ. ಅರ್ಥವಾಗದಿದ್ದರೆ ಮೊಬೈಲಿನಲ್ಲಿ ಅದರ ಫೋಟೊ ತೆಗೆದು, ಗೊತ್ತಿರುವವರಿಗೆ ತೋರಿಸಿ. ಅದು ಕಾಯುತ್ತಿರುವುದು ನಿಮ್ಮದೇ ಕೆಲಸ ಮುಗಿಯಲೆಂದು ಇರಬಹುದು.